ಮಾರ್ಫಿಸಮ್‌ಗಳ ವಿಧಗಳು

ಗಣಿತದ ಕೆಟಗರಿ ಸಿದ್ಧಾಂತದಲ್ಲಿ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಬಾಣದಿಂದ ಸೂಚಿಸಲಾಗುವ ಸಂಬಂಧವನ್ನು ಮಾರ್ಫಿಸಮ್ ಎನ್ನುತ್ತಾರೆ. ಒಂದು ಬಾಣ ಮುಗಿದಲ್ಲಿ ಇನ್ನೊಂದು ಆರಂಭವಾದರೆ ಅವೆರಡನ್ನೂ ಜೋಡಿಸಿ ಒಂದೇ ಬಾಣವನ್ನು ಪಡೆಯಬಹುದು. ಬೀಜಗಣಿತದಲ್ಲಿ ಮಾರ್ಫಿಸಮ್ ಎಂದರೆ ಸಾಮಾನ್ಯವಾಗಿ ರಚನೆಯನ್ನು ಕಾಯ್ದುಕೊಳ್ಳುವ ಫಲನ. ಈ ಸಿದ್ಧಾಂತವನ್ನು ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಮತ್ತು ಸಾಂಡರ್ಸ್ ಮ್ಯಾಕ್‌ಲೇನ್ 1945ರ ಲೇಖನವೊಂದರಲ್ಲಿ ಮಂಡಿಸಿದರು.

ಛಂದಸ್ಸಿನಿಂದ ಒಂದು ಉದಾಹರಣೆ

ಕನ್ನಡ ಛಂದಸ್ಸಿನಲ್ಲಿ ಲಘುವಿಗೆ 1 ಮಾತ್ರೆ, ಗುರುವಿಗೆ 2 ಮಾತ್ರೆ. ಎರಡು ಲಘು-ಗುರು ವಿನ್ಯಾಸಗಳನ್ನು ಒಂದರ ಮುಂದೊಂದು ಇರಿಸಿದರೆ ಅವುಗಳ ಮಾತ್ರೆಗಳು ಕೂಡುತ್ತವೆ. ಬರಿದಾದ ವಿನ್ಯಾಸಕ್ಕೆ 0. ಭಾಮಿನೀ ಷಟ್ಪದಿಯ ಮೊದಲ ಸಾಲಿನ 3, 4, 3, 4 ಮಾತ್ರೆಗಳ ಗಣಗಳು ಸೇರಿ 14 ಆಗುವುದು ಹೀಗೆ. ಜೋಡಣೆಯು ಸಂಕಲನವಾಗಿ ಉಳಿಯುವುದರಿಂದ ಮಾತ್ರೆಯ ಎಣಿಕೆ ಒಂದು ಮಾರ್ಫಿಸಮ್.

ಆದರೆ ಅಕ್ಷರಗಳನ್ನೇ ಜೋಡಿಸಿದರೆ ಈ ಗುಣ ಉಳಿಯದು. ‘ಕವಿ’, ‘ಪ್ರಿಯ’ ಎಂಬ ಪದಗಳಿಗೆ ಪ್ರತ್ಯೇಕವಾಗಿ ಎರಡೆರಡು ಮಾತ್ರೆಗಳು. ‘ಕವಿಪ್ರಿಯ’ದಲ್ಲಿ ಒತ್ತಕ್ಷರದ ಹಿಂದಿನ ‘ವಿ’ ಗುರುವಾಗಿ ಒಟ್ಟು 5 ಮಾತ್ರೆಗಳಾಗುತ್ತವೆ.

ಮುಖ್ಯ ವಿಧಗಳು

ಮೋನೊಮಾರ್ಫಿಸಮ್: ಎರಡು ಬಾಣಗಳ ಮುಂದೆ ಇದನ್ನು ಜೋಡಿಸಿದಾಗ ಫಲ ಒಂದೇ ಆದರೆ, ಆ ಬಾಣಗಳೂ ಒಂದೇ ಆಗಿರಬೇಕು. ಮಾತ್ರೆಯ ಎಣಿಕೆ ಈ ವಿಧದ್ದಲ್ಲ. 4 ಮಾತ್ರೆಗಳಿಗೆ 5 ಬೇರೆ ಬೇರೆ ವಿನ್ಯಾಸಗಳಿವೆ.

ಎಪಿಮಾರ್ಫಿಸಮ್: ಇದರ ಮುಂದೆ ಎರಡು ಬಾಣಗಳನ್ನು ಬೇರೆ ಬೇರೆಯಾಗಿ ಜೋಡಿಸಿದಾಗ ಫಲ ಒಂದೇ ಆದರೆ, ಆ ಬಾಣಗಳೂ ಒಂದೇ ಆಗಿರಬೇಕು. ಮಾತ್ರೆಯ ಎಣಿಕೆ 0, 1, 2, … ಎಂಬ ಎಲ್ಲ ಸಂಖ್ಯೆಗಳನ್ನೂ ಮುಟ್ಟುವುದರಿಂದ ಈ ವಿಧಕ್ಕೆ ಸೇರುತ್ತದೆ.

ಐಸೊಮಾರ್ಫಿಸಮ್: ವಿಲೋಮವುಳ್ಳ ಮಾರ್ಫಿಸಮ್. ಇದರಿಂದ ಬೆಸೆದ ಎರಡು ವಸ್ತುಗಳ ರಚನೆ ಒಂದೇ.

ಎಂಡೊಮಾರ್ಫಿಸಮ್: ವಸ್ತುವಿನಿಂದ ಅದೇ ವಸ್ತುವಿಗೆ ಬರುವ ಬಾಣ. ಉದಾಹರಣೆಗೆ, ವಿನ್ಯಾಸದ ಪ್ರತಿ ಗುರುವಿನ ಬದಲು ಎರಡು ಲಘುಗಳನ್ನು ಇರಿಸುವುದು.

ಆಟೊಮಾರ್ಫಿಸಮ್: ವಿಲೋಮವೂ ಉಳ್ಳ ಎಂಡೊಮಾರ್ಫಿಸಮ್. ಉದಾಹರಣೆಗೆ, ಲಘುವನ್ನು ಗುರುವಾಗಿಯೂ ಗುರುವನ್ನು ಲಘುವಾಗಿಯೂ ಅದಲುಬದಲು ಮಾಡುವುದು.

ಗಮನಿಸಬೇಕಾದ ವ್ಯತ್ಯಾಸ

ಕೇವಲ ಗಣಗಳ (ಸೆಟ್‌ಗಳ) ಕೆಟಗರಿಯಲ್ಲಿ ಮೋನೊ ಮತ್ತು ಎಪಿ ಎರಡೂ ಆಗಿರುವ ಬಾಣವು ಐಸೊಮಾರ್ಫಿಸಮ್ ಆಗಿಯೇ ಇರುತ್ತದೆ. ಎಲ್ಲೆಡೆಯೂ ಹಾಗಲ್ಲ. ಸಹವರ್ತನೀಯ ಕ್ರಿಯೆಯೂ ಅನನ್ಯತಾಂಶವೂ ಉಳ್ಳ ರಚನೆಗಳಿಗೆ ಮೊನಾಯ್ಡ್ ಎಂದು ಹೆಸರು. ಅವುಗಳ ಕೆಟಗರಿಯಲ್ಲಿ, ಸಂಕಲನಕ್ಕೆ ಒಳಪಟ್ಟ 0, 1, 2, … ಸಂಖ್ಯೆಗಳನ್ನು ಪೂರ್ಣಾಂಕಗಳ ನಡುವೆ ಇರಿಸುವ ಮಾರ್ಫಿಸಮ್ ಮೋನೊ ಹೌದು. ಅದು ಎಪಿಯೂ ಹೌದು, ಏಕೆಂದರೆ 1 ಎಲ್ಲಿಗೆ ಹೋಗುತ್ತದೆಂದು ತಿಳಿದರೆ ಅದರ ವಿಲೋಮವಾದ -1ರ ಸ್ಥಾನವೂ ನಿರ್ಧಾರವಾಗುತ್ತದೆ. ಆದರೂ ಋಣ ಪೂರ್ಣಾಂಕಗಳು ಹೊರಗುಳಿಯುವುದರಿಂದ ಅದು ಐಸೊಮಾರ್ಫಿಸಮ್ ಅಲ್ಲ.