ಮೋಟಾರು ಗಾಡಿಯ ಚಿಕ್ಕ ದೀಪಗಳು

ಮೋಟಾರು ಗಾಡಿಯನ್ನು ಇಟ್ಟುಕೊಂಡಿರುವ ಗೃಹಸ್ಥರು ಅದರ ಮುಂದಣ ಎರಡು ದೊಡ್ಡ ದೀಪಗಳ ವಿಷಯದಲ್ಲಿ ಸಾಮಾನ್ಯವಾಗಿ ಎಚ್ಚರಿಕೆಯುಳ್ಳವರಾಗಿಯೇ ಇರುತ್ತಾರೆ. ಅವುಗಳಲ್ಲೊಂದು ಆರಿಹೋದರೆ ದಾರಿಯು ಅರ್ಧ ಕತ್ತಲಾಗುವುದರಿಂದ ಆ ಕೊರತೆಯು ಕೂಡಲೇ ಕಣ್ಣಿಗೆ ಬೀಳುತ್ತದೆ. ಮರುದಿನವೇ ಅದನ್ನು ಸರಿಪಡಿಸುವ ಪ್ರಯತ್ನವೂ ನಡೆಯುತ್ತದೆ. ಆದರೆ ಗಾಡಿಯ ಮೈಮೇಲೆ ಅಲ್ಲಲ್ಲಿ ಇರುವ ಚಿಕ್ಕ ದೀಪಗಳ ಗತಿಯೇ ಬೇರೆ. ಹಿಂಬದಿಯ ಕೆಂಪು ದೀಪ, ಬ್ರೇಕು ಹಾಕಿದಾಗ ಹೊತ್ತಿಕೊಳ್ಳುವ ದೀಪ, ತಿರುಗುವ ದಿಕ್ಕನ್ನು ತಿಳಿಸುವ ಇಂಡಿಕೇಟರು, ನಂಬರು ಫಲಕದ ದೀಪ, ಮುಂಬದಿಯ ಪಾರ್ಕಿಂಗ್ ದೀಪ—ಇವುಗಳಲ್ಲಿ ಯಾವುದು ಆರಿದರೂ ಗಾಡಿಯನ್ನು ನಡೆಸುವವನಿಗೆ ದಾರಿಯೇನೂ ಮಸುಕಾಗುವುದಿಲ್ಲ. ಆದಕಾರಣ ಅನೇಕ ವೇಳೆ ಅದು ಆರಿದುದು ಅವನಿಗೆ ತಿಳಿಯುವುದೇ ಇಲ್ಲ. ದೊಡ್ಡ ದೀಪಗಳು ನಾವು ದಾರಿಯನ್ನು ನೋಡುವುದಕ್ಕಾಗಿ ಇರತಕ್ಕವು. ಚಿಕ್ಕ ದೀಪಗಳಾದರೋ ಪರರು ನಮ್ಮನ್ನು ನೋಡುವುದಕ್ಕಾಗಿ ಇರತಕ್ಕವು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅವುಗಳ ಯೋಗಕ್ಷೇಮವನ್ನು ನಾವೇ ಹುಡುಕಿಕೊಂಡು ಹೋಗಿ ವಿಚಾರಿಸಬೇಕೆಂಬುದು ತಾನಾಗಿ ತಿಳಿಯುವುದು.

ಈ ಮಾತು ನನಗೆ ಪುಸ್ತಕದಿಂದ ತಿಳಿದುದಲ್ಲ. ಒಂದು ಆಷಾಢ ಮಾಸದಲ್ಲಿ ನಾವು ಮನೆಮಂದಿಯೆಲ್ಲ ಶೃಂಗೇರಿಗೆ ಹೋಗಿ, ಶಾರದಾಂಬೆಯ ದರ್ಶನ ಮಾಡಿಕೊಂಡು ತೀರ್ಥಹಳ್ಳಿಯ ಮಾರ್ಗವಾಗಿ ಶಿವಮೊಗ್ಗೆಗೆ ಹಿಂದಿರುಗುತ್ತಿದ್ದೆವು. ತೀರ್ಥಹಳ್ಳಿಯನ್ನು ದಾಟುವ ಹೊತ್ತಿಗೆ ಕತ್ತಲಾಗಿತ್ತು. ಮಳೆಯು ಒಂದೇ ಸಮನೆ ಸುರಿಯುತ್ತಿತ್ತು. ನಮ್ಮ ತಾಯಿಯವರು ಹಿಂದಿನ ಆಸನದ ಬಲಮಗ್ಗುಲಲ್ಲಿ ಒರಗಿ ನಿದ್ರೆಹೋಗಿದ್ದರು. ಇದ್ದಕ್ಕಿದ್ದಂತೆ ಬೆನ್ನ ಹಿಂದೆ ಒಂದು ಲಾರಿಯ ಬ್ರೇಕು ಕಿರುಚಿತು. ಮರುಕ್ಷಣದಲ್ಲಿ ಆ ಲಾರಿಯು ನಮ್ಮ ಬಲಪಕ್ಕಕ್ಕೆ ಒಂದು ಮೊಳದ ಅಂತರದಲ್ಲಿ ಹಾದುಹೋಗಿ, ಸ್ವಲ್ಪ ಮುಂದೆ ರಸ್ತೆಯ ಅಂಚಿನಲ್ಲಿ ನಿಂತಿತು. ನಾನೂ ಗಾಡಿಯನ್ನು ನಿಲ್ಲಿಸಿ, ಜಗಳಕ್ಕೆ ಸಿದ್ಧನಾಗಿಯೇ ಕೆಳಗಿಳಿದೆನು. ಲಾರಿಯ ಡ್ರೈವರನಾದರೋ ನನ್ನೊಡನೆ ಮಾತಿಗೆ ನಿಲ್ಲದೆ ನೇರವಾಗಿ ನಮ್ಮ ಗಾಡಿಯ ಹಿಂಬದಿಗೆ ಹೋಗಿ ಬೆರಳು ಮಾಡಿ ತೋರಿಸಿದನು.

"ನೋಡಿ ಸ್ವಾಮಿ, ಬಲಗಡೆ ಬೆಳಕೇ ಇಲ್ಲ. ಎಡಗಡೇದೊಂದೇ ಕಾಣಿಸ್ತು. ಯಾರೋ ಬೈಕಿನವರು ಅಂಚಿನಲ್ಲಿ ಹೋಗ್ತಾ ಇದಾರೆ ಅಂದ್ಕೊಂಡು ಹತ್ತಿರಕ್ಕೆ ಬಂದುಬಿಟ್ಟೆ."

ನನ್ನ ಸಿಟ್ಟೆಲ್ಲವೂ ಅಲ್ಲಿಯೇ ಇಳಿಯಿತು. ಆತನು ಬೈಕಿಗೆ ಬಿಡಬೇಕಾದಷ್ಟೇ ಜಾಗವನ್ನು ಬಿಟ್ಟು ಬಂದಿದ್ದನು. ಆ ಕತ್ತಲಲ್ಲಿ ಉಳಿದ ಜಾಗದಲ್ಲಿ ಇದ್ದವರು ನಮ್ಮ ತಾಯಿ. ನನ್ನ ಬಳಿ ಬದಲಿ ಬಲ್ಬು ಇರಲಿಲ್ಲ. "ನೀವು ನಿಧಾನಕ್ಕೆ ಮುಂದೆ ಹೋಗಿ, ನಾನು ಹಿಂದೆ ಬರ್ತೀನಿ" ಎಂದು ಹೇಳಿ, ಆ ಪುಣ್ಯಾತ್ಮನು ಶಿವಮೊಗ್ಗೆಯವರೆಗೂ ತನ್ನ ಲಾರಿಯನ್ನು ನಮ್ಮ ಬೆನ್ನಿಗೆ ಕಾವಲಾಗಿ ತಂದನು. ಮರುದಿನ ಬಿಚ್ಚಿ ನೋಡಿದರೆ ಕೆಟ್ಟಿದ್ದುದು ನೆಲ್ಲಿಕಾಯಿಯ ಗಾತ್ರದ ಒಂದು ಗಾಜಿನ ಬಲ್ಬು. ಅದನ್ನು ಬದಲಾಯಿಸುವುದಕ್ಕೆ ಹತ್ತು ನಿಮಿಷ ಹಿಡಿಯಿತು.

ಈ ಬಲ್ಬುಗಳ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ಕಾರುಗಳ ವಿದ್ಯುತ್ತು ೧೨ ವೋಲ್ಟಿನದು. ಮನೆಯ ವಿದ್ಯುತ್ತಿನಂತೆ ಮುಟ್ಟಿದರೆ ಪ್ರಾಣಕ್ಕೆ ಅಪಾಯವನ್ನುಂಟುಮಾಡತಕ್ಕದ್ದಲ್ಲ. ನಂಬರು ಫಲಕಕ್ಕೂ ಪಾರ್ಕಿಂಗ್ ದೀಪಕ್ಕೂ ಸಾಮಾನ್ಯವಾಗಿ ೫ ವಾಟಿನ ಪುಟ್ಟ ಬಲ್ಬು ಇರುತ್ತದೆ. ಇದಕ್ಕೆ ಲೋಹದ ಬುಡವಿಲ್ಲ. ಚಪ್ಪಟೆಯಾದ ಗಾಜಿನ ಬುಡವನ್ನೇ ಹೋಲ್ಡರಿನೊಳಗೆ ಒತ್ತಿ ಸೇರಿಸಿರುತ್ತಾರೆ. ಹಿಂದುಮುಂದಿನ ಇಂಡಿಕೇಟರುಗಳಿಗೂ ಬ್ರೇಕು ದೀಪಕ್ಕೂ ೨೧ ವಾಟಿನ ಬಲ್ಬು ಬೇಕು. ಅನೇಕ ಗಾಡಿಗಳಲ್ಲಿ ಹಿಂಬದಿಯ ಕೆಂಪು ದೀಪಕ್ಕೂ ಬ್ರೇಕಿನ ದೀಪಕ್ಕೂ ಸೇರಿ ಒಂದೇ ಬಲ್ಬು ಇದ್ದು, ಅದರೊಳಗೆ ೫ ವಾಟಿನದೊಂದು, ೨೧ ವಾಟಿನದೊಂದು, ಹೀಗೆ ಎರಡು ತಂತುಗಳಿರುತ್ತವೆ. ನಮ್ಮ ಗಾಡಿಯಲ್ಲಿ ತುಂಡಾಗಿದ್ದುದು ಸಣ್ಣ ತಂತು ಮಾತ್ರ. ಬ್ರೇಕಿನ ತಂತು ಚೆನ್ನಾಗಿಯೇ ಇದ್ದುದರಿಂದ, ಹೊರಡುವ ದಿನ ಬೆಳಿಗ್ಗೆ ಬ್ರೇಕು ಒತ್ತಿ ನೋಡಿ ಎಲ್ಲವೂ ಸರಿಯಾಗಿದೆಯೆಂದು ನಾನು ಭ್ರಮಿಸಿದ್ದೆನು. ಒಂದು ಬಲ್ಬಿನಲ್ಲಿ ಎರಡು ದೀಪಗಳಿರುವಾಗ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸತಕ್ಕದ್ದು.

ತಂತುವು ಟಂಗ್‌ಸ್ಟನ್ ಎಂಬ ಲೋಹದ್ದು. ೩೪೨೨ ಡಿಗ್ರಿ ಸೆಂಟಿಗ್ರೇಡಿನಷ್ಟು ಕಾವಿಗಲ್ಲದೆ ಅದು ಕರಗುವುದಿಲ್ಲ. ಆದರೂ ಬಿಳಿಯಾಗಿ ಕಾದಿರುವಾಗ ಅದರ ಕಣಗಳು ಸ್ವಲ್ಪಸ್ವಲ್ಪವಾಗಿ ಆವಿಯಾಗಿ ಗಾಜಿನ ಒಳಮೈಗೆ ಅಂಟಿಕೊಳ್ಳುತ್ತವೆ. ಹಳೆಯ ಬಲ್ಬಿನ ಗಾಜು ಕಪ್ಪಾಗುವುದು ಇದರಿಂದಲೇ. ಹೀಗೆ ಸವೆದು ತೆಳ್ಳಗಾದ ತಂತುವು ಹಳ್ಳದಿಣ್ಣೆಯ ರಸ್ತೆಯ ಕುಲುಕಾಟದಿಂದಲೋ ದೀಪವನ್ನು ಹಾಕಿದ ಕ್ಷಣದಲ್ಲಿ ಒಮ್ಮೆಲೇ ನುಗ್ಗುವ ವಿದ್ಯುತ್ತಿನಿಂದಲೋ ತುಂಡಾಗುವುದು. ಇದಲ್ಲದೆ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ತೇವವು ಹೋಲ್ಡರಿನೊಳಕ್ಕೆ ಸೇರಿ, ಲೋಹದ ಮೇಲೆ ಹಸುರು ಅಥವಾ ಬಿಳಿಯ ಕಿಲುಬು ಕಟ್ಟುವುದೂ ಉಂಟು. ಆಗ ಬಲ್ಬು ಒಳ್ಳೆಯದಿದ್ದರೂ ಬೆಳಕು ಬಾರದು.

ಪರೀಕ್ಷೆಯು ಬಹಳ ಸುಲಭ. ಇದಕ್ಕೆ ಬೇಕಾದುದು ಇಬ್ಬರು ಮಾತ್ರ. ತಿಂಗಳಿಗೊಮ್ಮೆ, ಸಂಜೆಯ ಹೊತ್ತಿನಲ್ಲಿ, ಒಬ್ಬರು ಒಳಗೆ ಕುಳಿತು ಪಾರ್ಕಿಂಗ್ ದೀಪ, ಎಡದ ಇಂಡಿಕೇಟರು, ಬಲದ ಇಂಡಿಕೇಟರು, ಬ್ರೇಕು, ರಿವರ್ಸ್ ಗೇರಿನ ದೀಪ ಇವನ್ನು ಒಂದೊಂದಾಗಿ ಹಾಕುತ್ತ ಬರಲಿ; ಇನ್ನೊಬ್ಬರು ಹೊರಗೆ ಗಾಡಿಯನ್ನು ಒಂದು ಸುತ್ತು ಸುತ್ತಿ ನೋಡಲಿ. ರಿವರ್ಸ್ ಗೇರು ಹಾಕುವಾಗ ಎಂಜಿನ್ನು ನಿಂತಿರಬೇಕು, ಬ್ರೇಕಿನ ಮೇಲೆ ಕಾಲಿರಬೇಕು, ನೋಡುವವರು ಗಾಡಿಯ ನೇರ ಹಿಂದೆ ನಿಲ್ಲದೆ ಪಕ್ಕಕ್ಕೆ ಇರಬೇಕು. ಒಬ್ಬರೇ ಇದ್ದಲ್ಲಿ ಗಾಡಿಯ ಹಿಂಬದಿಯನ್ನು ಸುಣ್ಣ ಬಳಿದ ಗೋಡೆಗೆ ಸಮೀಪವಾಗಿ ನಿಲ್ಲಿಸಿ, ಗೋಡೆಯ ಮೇಲೆ ಬೀಳುವ ಬೆಳಕನ್ನು ಕನ್ನಡಿಯಲ್ಲಿ ನೋಡಿಕೊಳ್ಳಬಹುದು. ಇಂಡಿಕೇಟರು ಮಾತ್ರ ತನ್ನ ಕಷ್ಟವನ್ನು ಒಳಗಿನವರಿಗೂ ಹೇಳಿಕೊಳ್ಳುತ್ತದೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ನಿಮಿಷಕ್ಕೆ ೬೦ಕ್ಕೆ ಕಡಿಮೆಯಿಲ್ಲದಂತೆ, ೧೨೦ಕ್ಕೆ ಮೀರದಂತೆ ಮಿನುಗಬೇಕು. ಒಂದು ಪಕ್ಕದ ಇಂಡಿಕೇಟರಿನ ಟಿಕ್‌ಟಿಕ್ ಸದ್ದು ಎಂದಿಗಿಂತ ಬಹಳ ಬೇಗಬೇಗನೆ ಕೇಳಿಸಿದರೆ, ಆ ಪಕ್ಕದಲ್ಲಿ ಒಂದು ಬಲ್ಬು ಹೋಗಿದೆಯೆಂದೇ ಸಾಮಾನ್ಯವಾಗಿ ತಿಳಿಯತಕ್ಕದ್ದು.

ಇನ್ನು ಬದಲಾಯಿಸುವ ಕ್ರಮ. ಗಾಡಿಯೊಡನೆ ಕೊಟ್ಟಿರುವ ಕೈಪಿಡಿಯನ್ನು ಮೊದಲು ನೋಡಿರಿ. ಯಾವ ದೀಪಕ್ಕೆ ಯಾವ ಬಲ್ಬು, ಎಲ್ಲಿಂದ ಬಿಚ್ಚಬೇಕು ಎಂಬುದು ಅದರಲ್ಲಿ ಬರೆದಿರುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ಬಲ್ಬನ್ನೇ ಕೊಂಡುಹೋಗಿ, ಅದರ ಬುಡದ ಮೇಲೆ ಅಚ್ಚಾಗಿರುವ ವೋಲ್ಟು, ವಾಟುಗಳನ್ನು ಸರಿನೋಡಿ ಅಂಥದನ್ನೇ ತರುವುದು ಉತ್ತಮ. ಕೆಲಸಕ್ಕೆ ಮೊದಲು ಎಂಜಿನ್ನನ್ನೂ ದೀಪಗಳನ್ನೂ ಆರಿಸಿ ಬೀಗದ ಕೈಯನ್ನು ತೆಗೆದುಬಿಡಿರಿ. ಈಗತಾನೆ ಉರಿಯುತ್ತಿದ್ದ ಬಲ್ಬು ಬೆರಳನ್ನು ಸುಡುವಷ್ಟು ಬಿಸಿಯಾಗಿರುವುದರಿಂದ ಸ್ವಲ್ಪ ಹೊತ್ತು ಆರಲು ಬಿಡಬೇಕು.

ಹಿಂಬದಿಯ ದೀಪವನ್ನು ಕೆಲವು ಗಾಡಿಗಳಲ್ಲಿ ಡಿಕ್ಕಿಯ ಒಳಗಡೆಯಿಂದಲೇ, ಒಂದು ಮುಚ್ಚಳವನ್ನು ತೆಗೆದು ಮುಟ್ಟಬಹುದು. ಮತ್ತೆ ಕೆಲವುಗಳಲ್ಲಿ ಹಿಂದಿನ ಬಾಗಿಲನ್ನು ಎತ್ತಿದರೆ ದೀಪದ ಅಂಚಿನಲ್ಲಿ ಎರಡು ಸ್ಕ್ರೂಗಳು ಕಾಣುತ್ತವೆ. ಅವನ್ನು ಬಿಚ್ಚಿ ದೀಪದ ಇಡಿಯ ಗೂಡನ್ನು ಎರಡು ಕೈಗಳಿಂದ ಹಿಡಿದು ನೇರವಾಗಿ ಹಿಂದಕ್ಕೆ ಎಳೆದರೆ ಅದು ಹೊರಬರುವುದು. ತಂತಿಗಳು ಜಗ್ಗದಂತೆ ಜೋಕೆಯಾಗಿರಬೇಕು. ಬೆನ್ನಕಡೆಯಿರುವ ಹೋಲ್ಡರನ್ನು ಎಡಕ್ಕೆ ತಿರುಗಿಸಿದರೆ ಬಲ್ಬಿನ ಸಮೇತ ಕೈಗೆ ಬರುತ್ತದೆ. ಲೋಹದ ಬುಡವುಳ್ಳ ಬಲ್ಬನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಒತ್ತಿದಂತೆಯೇ ಎಡಕ್ಕೆ ತಿರುಗಿಸಿ ಬಿಡಬೇಕು. ನಮ್ಮ ಮನೆಗಳ ಹಳೆಯ ಮಾದರಿಯ ಬಲ್ಬನ್ನು ತೆಗೆಯುವುದೂ ಹೀಗೆಯೇ ಅಷ್ಟೆ. ಗಾಜಿನ ಬುಡದ ಪುಟ್ಟ ಬಲ್ಬನ್ನು ಮಾತ್ರ ತಿರುಗಿಸದೆ ನೇರವಾಗಿ ಎಳೆಯತಕ್ಕದ್ದು.

ಹೊಸ ಬಲ್ಬನ್ನು ಶುಭ್ರವಾದ ಬಟ್ಟೆಯ ತುಂಡಿನಿಂದ ಹಿಡಿದು ಕೂಡಿಸಿರಿ. ಎರಡು ತಂತುಗಳ ಬಲ್ಬಿನ ಬುಡವನ್ನು ಗಮನಿಸಿದರೆ ಅದರ ಎರಡು ಮೊಳೆಗಳು ಒಂದೇ ಎತ್ತರದಲ್ಲಿಲ್ಲವೆಂಬುದು ಕಾಣುತ್ತದೆ. ಬಲ್ಬು ಒಂದೇ ರೀತಿಯಲ್ಲಿ ಕುಳಿತುಕೊಳ್ಳಲಿ, ಸಣ್ಣ ತಂತುವಿನ ಸ್ಥಾನಕ್ಕೆ ದೊಡ್ಡದು ಬಾರದಿರಲಿ ಎಂಬುದೇ ಇದರ ಉದ್ದೇಶ. ಆದ್ದರಿಂದ ಅದು ಸಲೀಸಾಗಿ ಕೂಡದಿದ್ದಲ್ಲಿ ಬಲಪ್ರಯೋಗ ಮಾಡದೆ ತಿರುವಿ ಹಿಡಿದು ನೋಡಿರಿ. ಹೋಲ್ಡರಿನಲ್ಲಿ ಕಿಲುಬಿದ್ದರೆ ನಯವಾದ ಮರಳುಕಾಗದದಿಂದ ಉಜ್ಜಿ ಒರೆಸಬೇಕು. ಗೂಡನ್ನು ಮತ್ತೆ ಜೋಡಿಸುವಾಗ ಅದರ ಅಂಚಿನ ರಬ್ಬರು ಪಟ್ಟಿಯು ಸರಿಯಾಗಿ ಕುಳಿತಿರುವುದೇ ಎಂದು ನೋಡಿಕೊಳ್ಳದಿದ್ದರೆ ಮುಂದಿನ ಮಳೆಗೆ ನೀರು ಒಳಸೇರುವುದು. ಸ್ಕ್ರೂಗಳನ್ನು ಹಾಕುವುದಕ್ಕೆ ಮೊದಲೇ ದೀಪವನ್ನು ಒಮ್ಮೆ ಹಚ್ಚಿ ನೋಡುವುದು ಜಾಣತನ.

ನಂಬರು ಫಲಕದ ದೀಪವನ್ನು ಅನೇಕರು ಅಲಂಕಾರವೆಂದು ಬಗೆಯುತ್ತಾರೆ. ಅದು ಹಾಗಲ್ಲ. ರಾತ್ರಿಯಲ್ಲಿ ಹಿಂದಿನ ಫಲಕದ ಅಂಕಿಗಳು ೧೫ ಮೀಟರು ದೂರದಿಂದ ಓದುವಂತೆ ಬಿಳಿಯ ಬೆಳಕು ಇರಬೇಕೆಂದು ಮೇಲೆ ಹೇಳಿದ ನಿಯಮಗಳೇ ವಿಧಿಸಿವೆ. ಅದರ ಮೇಲಿನ ಪುಟ್ಟ ಮುಚ್ಚಳವನ್ನು ಬಿಚ್ಚಿದರೆ ಗಾಜಿನ ಬುಡದ ಬಲ್ಬೋ, ಎರಡು ತುದಿಗಳಲ್ಲಿಯೂ ಲೋಹದ ಟೋಪಿಯುಳ್ಳ ಉದ್ದನೆಯ ಬಲ್ಬೋ ಇರುತ್ತದೆ. ಎರಡನೆಯದನ್ನು ಅದರ ಲೋಹದ ಹಿಡಿಕೆಗಳ ನಡುವಿನಿಂದ ಮೆಲ್ಲನೆ ಬಿಡಿಸಿಕೊಳ್ಳಬೇಕು.

ಕೆಲವು ತಪ್ಪುಗಳ ವಿಷಯದಲ್ಲಿ ಎಚ್ಚರಿಕೆ ಹೇಳುವುದು ಅವಶ್ಯ. ೫ ವಾಟಿನ ಸ್ಥಾನದಲ್ಲಿ ಹೆಚ್ಚು ವಾಟಿನ ಬಲ್ಬನ್ನು ಹಾಕಿದರೆ ಕಾವಿನಿಂದ ಗೂಡು ಕರಗಬಹುದು. ಕೆಂಪು ಗಾಜು ಒಡೆದಿರುವಾಗ ಬಲ್ಬನ್ನು ಮಾತ್ರ ಬದಲಾಯಿಸಿ ಸುಮ್ಮನಿದ್ದರೆ ಹಿಂದೆ ಬಿಳಿಯ ಬೆಳಕು ಕಾಣಿಸಿ, ಗಾಡಿಯು ಎದುರಿನಿಂದ ಬರುತ್ತಿದೆಯೆಂಬ ಭ್ರಾಂತಿಯುಂಟಾಗುವುದು. ಬಿಳಿಯ ಗಾಜಿನ ಇಂಡಿಕೇಟರಿಗೆ ಕಿತ್ತಳೆ ಬಣ್ಣದ ಬಲ್ಬೇ ಆಗಬೇಕು. ಪೇಟೆಯಲ್ಲಿ ಸಿಕ್ಕುವ ಎಲ್.ಇ.ಡಿ. ಬಲ್ಬುಗಳನ್ನು ಇಂಡಿಕೇಟರಿಗೆ ಹಾಕಿದರೆ, ಅವು ಎಳೆಯುವ ವಿದ್ಯುತ್ತು ತೀರ ಕಡಿಮೆಯಾದುದರಿಂದ, ಅನೇಕ ಗಾಡಿಗಳು ಬಲ್ಬು ಸುಟ್ಟಿದೆಯೆಂದೇ ಎಣಿಸಿ ಬೇಗಬೇಗ ಮಿನುಗತೊಡಗುತ್ತವೆ. ಎರಡು ಕಡೆಯ ಬ್ರೇಕು ದೀಪಗಳೂ ಒಮ್ಮೆಗೇ ನಿಂತುಹೋದರೆ ದೋಷವು ಬಲ್ಬಿನಲ್ಲಿರುವುದು ಅಪರೂಪ. ಫ್ಯೂಸನ್ನೋ ಬ್ರೇಕಿನ ಸ್ವಿಚ್ಚನ್ನೋ ನೋಡಬೇಕು. ಹೊಸ ಗಾಡಿಗಳಲ್ಲಿ ಗೂಡಿನೊಳಗೆ ಶಾಶ್ವತವಾಗಿ ಮುಚ್ಚಿದ ಎಲ್.ಇ.ಡಿ. ದೀಪಗಳಿದ್ದರೆ ಅವನ್ನು ಮನೆಯಲ್ಲಿ ಕೆದಕದೆ ಕಾರ್ಖಾನೆಗೆ ಒಯ್ಯುವುದೇ ಲೇಸು.

ಮೊದಮೊದಲಿನ ಮೋಟಾರುಗಳಲ್ಲಿ ಎಣ್ಣೆಯ ದೀಪಗಳೂ ಅಸಿಟಿಲೀನ್ ಅನಿಲದ ದೀಪಗಳೂ ಇದ್ದುವು. ೧೯೧೨ರಲ್ಲಿ ಅಮೆರಿಕದ ಕ್ಯಾಡಿಲಾಕ್ ಗಾಡಿಯು ವಿದ್ಯುತ್ ಸ್ಟಾರ್ಟರಿನೊಡನೆ ವಿದ್ಯುದ್ದೀಪಗಳನ್ನೂ ಧರಿಸಿ ಬಂದಿತು. ಕ್ರಮೇಣ ಎಲ್ಲ ಗಾಡಿಗಳಿಗೂ ಆ ಪದ್ಧತಿಯೇ ಆಯಿತು. ಬತ್ತಿಯನ್ನು ಕತ್ತರಿಸಿ ಗಾಜನ್ನು ಒರೆಸುವ ಕೆಲಸವು ಅಲ್ಲಿಗೆ ತಪ್ಪಿತು. ಅದರೊಡನೆಯೇ ದೀಪದ ಮುಖವನ್ನು ದಿನವೂ ನೋಡುವ ಅಭ್ಯಾಸವೂ ತಪ್ಪಿಹೋಯಿತು. ನಮ್ಮ ಮನೆಗಳಲ್ಲಿಯೂ ಹಿಂದೆ ಹೊತ್ತು ಮುಳುಗುವ ಮುನ್ನ ಲಾಟೀನಿನ ಗಾಜನ್ನು ಬೂದಿಯಿಂದ ಉಜ್ಜಿ ಸಿದ್ಧಪಡಿಸುತ್ತಿದ್ದರು. ಗುಂಡಿಯನ್ನು ಒತ್ತಿದರೆ ಬೆಳಕು ಬರುವ ಕಾಲದಲ್ಲಿ ಬೆಳಕು ಬಂದಿತೇ ಎಂದು ನೋಡುವವರು ಕಡಿಮೆಯಾದರು.

ಆ ರಾತ್ರಿಯ ತರುವಾಯ ನಮ್ಮ ಮನೆಯಲ್ಲಿ ಪ್ರತಿ ತಿಂಗಳ ಮೊದಲನೆಯ ಭಾನುವಾರ ಸಂಜೆ ಈ ಪರೀಕ್ಷೆಯು ತಪ್ಪದೆ ನಡೆಯುತ್ತದೆ. ನಮ್ಮ ತಾಯಿಯವರು ಜಗಲಿಯ ಮೇಲೆ ಕುಳಿತು, "ಎಡಗಡೆಯದು ಸರಿ, ಬಲಗಡೆಯದು ಸರಿ" ಎಂದು ಹೇಳುತ್ತಾರೆ. ಗಾಡಿಯ ಪೆಟ್ಟಿಗೆಯಲ್ಲಿ ಈಗ ೫ ವಾಟಿನವು ಎರಡು, ೨೧ ವಾಟಿನದೊಂದು, ಎರಡು ತಂತುಗಳದೊಂದು, ಹೀಗೆ ನಾಲ್ಕು ಬಲ್ಬುಗಳೂ ಒಂದು ಸ್ಕ್ರೂಡ್ರೈವರೂ ಹತ್ತಿಯಲ್ಲಿ ಸುತ್ತಿ ಇಟ್ಟಿವೆ. ವಾಚಕರೂ ಹಾಗೆಯೇ ಇಟ್ಟುಕೊಳ್ಳಲಿ. ದಾರಿಯಲ್ಲಿ ಪರರ ಗಾಡಿಯ ದೀಪವು ಆರಿರುವುದನ್ನು ಕಂಡಾಗ, ಆ ಡ್ರೈವರನಂತೆ, ಗಾಡಿಯನ್ನು ನಿಲ್ಲಿಸಿ ಒಂದು ಮಾತು ತಿಳಿಸಿ ಮುಂದೆ ಹೋಗಲಿ; ಏಕೆಂದರೆ ಅದು ಅವರಿಗೆ ಗೊತ್ತಿರುವುದಿಲ್ಲ.