ಟರ್ಬೊ ಯಂತ್ರದ ನಾಡಿ ಹಿಡಿಯುವ ಮಾಪಕಗಳು

ಕಮ್ಮಾರನು ತಿದಿಯೊತ್ತಿದಾಗ ಕುಲುಮೆಯ ಕೆಂಡವು ಧಗಧಗಿಸುವುದನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಗಾಳಿ ಹೆಚ್ಚಿದರೆ ದಹನವೂ ಹೆಚ್ಚುವುದು. ಅಂತರ್ದಹನ ಯಂತ್ರಕ್ಕೂ ಇಂಥ ತಿದಿಯೊಂದನ್ನು ಜೋಡಿಸಿ, ಅದನ್ನು ನಡೆಸುವ ಕೆಲಸವನ್ನು ಯಂತ್ರದಿಂದ ವ್ಯರ್ಥವಾಗಿ ಹೊರಬೀಳುವ ಅನಿಲಕ್ಕೇ ವಹಿಸಬಹುದೆಂದು ಯೋಚಿಸಿ, ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ೧೯೦೫ರಲ್ಲಿಯೇ ಪೇಟೆಂಟ್ ಪಡೆದನು. ಇದೇ ಇಂದಿನ ಟರ್ಬೊಚಾರ್ಜರಿನ ಮೂಲ. ಹೊರಬೀಳುವ ಅನಿಲದ ರಭಸಕ್ಕೆ ಪುಟ್ಟದೊಂದು ಟರ್ಬೈನ್ ಚಕ್ರವು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ.

ಕಾರ್ಖಾನೆಯವರು ನಿಗದಿಮಾಡಿದ ಗಾಳಿಯ ಒತ್ತಡ, ಪೆಟ್ರೋಲಿನ ಪ್ರಮಾಣ, ಕಿಡಿ ಹಾರುವ ಸಮಯ ಇವನ್ನು ಮಾರ್ಪಡಿಸಿ ಹೆಚ್ಚು ಶಕ್ತಿಯನ್ನು ಪಡೆಯುವ ವಿದ್ಯೆಗೆ ಟ್ಯೂನಿಂಗ್ ಎಂದು ಹೆಸರು. ಹೀಗೆ ಮಾಡಹೊರಟವನು ಯಾವ ಮಾಪಕಗಳನ್ನು ಆರಿಸಿಕೊಳ್ಳಬೇಕು? ಅಂಗಡಿಗಳಲ್ಲಿ ಹತ್ತಾರು ಬಗೆಯವು ದೊರೆಯುತ್ತವೆ. ಎಲ್ಲವನ್ನೂ ಕೊಳ್ಳಲು ಹಣ ಸಾಲದು. ಸಾಕಾದರೂ ನೋಡಲು ಇರುವ ಕಣ್ಣುಗಳು ಎರಡೇ. ಯಂತ್ರವು ಹೇಗೆ ಕೆಡುತ್ತದೆಂಬುದನ್ನು ಅರಿತರೆ ಆಯ್ಕೆಯು ಸುಲಭವಾದೀತೆಂದು ನಾವು ಭಾವಿಸುತ್ತೇವೆ.

ಉರಿಯುವ ಅನಿಲದ ಉಷ್ಣತೆ ೨,೦೦೦ ಸೆಂಟಿಗ್ರೇಡ್ ಡಿಗ್ರಿಗಳನ್ನು ಮೀರುವುದು. ಅಲ್ಯೂಮಿನಿಯಂ ಕರಗುವುದೋ ೬೬೦ ಡಿಗ್ರಿಯಲ್ಲಿ. ಪಿಸ್ಟನ್ನಿಗೆ ಬಳಸುವ ಮಿಶ್ರಲೋಹವು ಅದಕ್ಕೂ ಮೊದಲೇ ಮೆದುವಾಗುವುದು. ಆದರೂ ಪಿಸ್ಟನ್ ಉಳಿಯುವುದೇಕೆ? ಎಣ್ಣೆಯೂ ನೀರೂ ಶಾಖವನ್ನು ಹೊತ್ತೊಯ್ಯುತ್ತವೆ. ಅಲ್ಲದೆ ಲೋಹಕ್ಕಂಟಿದ ತೆಳುವಾದ ಅನಿಲದ ಪದರವೊಂದು ಹೊದಿಕೆಯಂತೆ ಕಾಪಾಡುತ್ತದೆ. ಕಿಡಿಯಿಂದ ಹೊರಟ ಜ್ವಾಲೆ ಮೂಲೆಯನ್ನು ತಲುಪುವ ಮೊದಲೇ ಅಲ್ಲಿನ ಮಿಶ್ರಣವು ಒತ್ತಡ ಮತ್ತು ಶಾಖಗಳಿಂದ ತಾನಾಗಿಯೇ ಹೊತ್ತಿಕೊಂಡರೆ, ಪ್ರಬಲವಾದ ಒತ್ತಡದ ಅಲೆಗಳೆದ್ದು ಆ ಹೊದಿಕೆಯನ್ನು ಕಿತ್ತೆಸೆಯುತ್ತವೆ. ಲೋಹದ ಮೇಲೆ ಸುತ್ತಿಗೆಯಿಂದ ಕುಟ್ಟಿದಂತೆ ಸದ್ದು ಕೇಳುವುದು. ಇದನ್ನೇ ನಾಕಿಂಗ್ ಎನ್ನುತ್ತಾರೆ. ಯಂತ್ರವು ಪೂರ್ಣ ಬಲದಿಂದ ಓಡುತ್ತಿರುವಾಗ ಇದು ಪ್ರಬಲವಾಗಿ ತೊಡಗಿದರೆ ಪಿಸ್ಟನ್ ಹಾಳಾಗಲು ಕೆಲವು ಸೆಕೆಂಡುಗಳು ಸಾಕು.

ತಿದಿಯೇ ಈ ಅಪಾಯವನ್ನು ಬೆಳೆಸುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುವುದು. ಸೈಕಲ್ ಪಂಪಿನ ತುದಿಯನ್ನು ಮುಟ್ಟಿದವರಿಗೆಲ್ಲ ಇದು ಗೊತ್ತು. ೨೫ ಡಿಗ್ರಿಯ ಗಾಳಿಯನ್ನು ೧.೭ ಪಟ್ಟು ಒತ್ತಡಕ್ಕೇರಿಸುವ, ನೂರಕ್ಕೆ ೭೦ರಷ್ಟು ದಕ್ಷತೆಯುಳ್ಳ ಯಂತ್ರದಿಂದ ಹೊರಬರುವ ಗಾಳಿಯ ಉಷ್ಣತೆ ಸುಮಾರು ೯೫ ಡಿಗ್ರಿ. ಭೌತಶಾಸ್ತ್ರದ ವಿದ್ಯಾರ್ಥಿಗಳು ಸ್ವತಃ ಲೆಕ್ಕ ಮಾಡಿ ನೋಡಬಹುದು.

ಈ ತೊಡಕನ್ನು ಮೊದಲು ಎದುರಿಸಿದ ಕಾರುಗಳಲ್ಲೊಂದು ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್. ೧೯೬೨ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ಮೂರೂವರೆ ಲೀಟರಿನ ಯಂತ್ರದ ಸಂಪೀಡನ ಅನುಪಾತವೇ ೧೦.೨೫, ಅದರ ಮೇಲೆ ಟರ್ಬೊ ಬೇರೆ! ನಾಕಿಂಗನ್ನು ತಡೆಯಲು ನೀರು ಮತ್ತು ಮೀಥೈಲ್ ಆಲ್ಕೊಹಾಲುಗಳ ಮಿಶ್ರಣವನ್ನು ಗಾಳಿಯೊಡನೆ ಸಿಂಪಡಿಸುವ ಏರ್ಪಾಡಿತ್ತು. ದ್ರವವು ತೀರಿದರೆ ಒತ್ತಡವನ್ನು ತಗ್ಗಿಸುವ ರಕ್ಷಣೆಯೂ ಇತ್ತು. ಆದರೆ ದ್ರವವನ್ನು ತುಂಬಿಸಲು ಮರೆತ ಒಡೆಯರು ಅನೇಕರು; ಕಾರಿನ ಕಸುವು ಕುಂದಿತೆಂದು ಅವರು ದೂರಿದರು. ೧೯೬೩ರ ಮಾದರಿಯೊಂದಿಗೆ ಜೆಟ್‌ಫೈರಿನ ಕಥೆ ಮುಗಿಯಿತು.

ಮಾಪಕಗಳ ಮಾತಿಗೆ ಬರೋಣ. ಹೊಸಬರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಗಾಳಿಯ ಒತ್ತಡವನ್ನು ತೋರಿಸುವ ಬೂಸ್ಟ್ ಮಾಪಕವನ್ನು. ಫ್ರಾನ್ಸಿನ ಬೂರ್ಡಾನ್ ೧೮೪೯ರಲ್ಲಿ ಪೇಟೆಂಟ್ ಪಡೆದ ಬಾಗಿದ ಕೊಳವೆಯೇ ಇಂದಿಗೂ ಇಂಥ ಅನೇಕ ಮಾಪಕಗಳ ಹೃದಯ. ಮುಳ್ಳು ಜಿಗಿಯುವುದು ನೋಡಲು ಸೊಗಸು. ಆದರೆ ಅದು ಹೇಳುವುದು ತಿದಿಯ ಸಮಾಚಾರವನ್ನು, ಕುಲುಮೆಯೊಳಗಿನದನ್ನಲ್ಲ. ಹೊರಗಿನ ವಾಯುಭಾರವನ್ನು ಸೊನ್ನೆಯೆಂದು ಎಣಿಸುವ ಮಾಪಕವಾದರೆ ಇನ್ನೊಂದು ಸಂಗತಿಯೂ ಉಂಟು. ೦.೭ ಬಾರ್ ಎಂದು ಅದು ತೋರಿಸಿದಾಗ ಮಂಗಳೂರಿನಲ್ಲಿ ಯಂತ್ರಕ್ಕೆ ದೊರೆಯುವ ನಿಜವಾದ ಒತ್ತಡ ಸುಮಾರು ೧.೭ ಬಾರ್, ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ೧.೬.

ನಮ್ಮ ಮತದಲ್ಲಿ ಮೊದಲ ಹಣವನ್ನು ವ್ಯಯಿಸಬೇಕಾದುದು ಮಿಶ್ರಣದ ಮಾಪಕಕ್ಕೆ. ತೂಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು ೧೪.೭ ಪಾಲು ಗಾಳಿ ಬೇಕು. ಟರ್ಬೊ ಯಂತ್ರವು ಪೂರ್ಣ ಬಲದಲ್ಲಿರುವಾಗ ಪೆಟ್ರೋಲನ್ನು ಬೇಕೆಂದೇ ಹೆಚ್ಚಿಸಿ, ಗಾಳಿಯನ್ನು ಹನ್ನೊಂದೂವರೆ ಹನ್ನೆರಡೂವರೆ ಪಾಲುಗಳ ನಡುವೆ ಇರಿಸುವುದು ರೂಢಿ. ಮಿಗಿಲಾದ ಪೆಟ್ರೋಲ್ ಆವಿಯಾಗುತ್ತ ತಂಪನ್ನೀಯುತ್ತದೆ. ಮಿಶ್ರಣವು ತೆಳುವಾದರೆ ಅಪಾಯ. ೧೯೭೬ರಲ್ಲಿ ವೋಲ್ವೊ ಕಾರಿನಲ್ಲಿ ಬಳಕೆಗೆ ಬಂದ ಬಾಷ್ ಸಂಸ್ಥೆಯ ಆಮ್ಲಜನಕ ಸಂವೇದಕದಂಥವು ೧೪.೭ರ ಗೆರೆಯ ಈಚೆಯೋ ಆಚೆಯೋ ಎಂಬುದನ್ನಷ್ಟೇ ಖಚಿತವಾಗಿ ತಿಳಿಸುತ್ತವೆ. ಹನ್ನೆರಡಕ್ಕೂ ಹದಿಮೂರಕ್ಕೂ ಇರುವ ಭೇದವನ್ನು ಅವು ನಂಬುವಂತೆ ಹೇಳಲಾರವು. ಆದುದರಿಂದ ಕೊಳ್ಳುವಾಗ ‘ವೈಡ್‌ಬ್ಯಾಂಡ್’ ಎಂಬ ಬಗೆಯನ್ನೇ ಕೇಳಬೇಕು. ಅದರಲ್ಲಿ ಕಾದ ಜರ್ಕೋನಿಯಾ ಪಿಂಗಾಣಿಯ ಮೂಲಕ ಪುಟ್ಟ ಕೋಣೆಯೊಂದಕ್ಕೆ ಆಮ್ಲಜನಕವನ್ನು ತುಂಬುತ್ತ ಅಥವಾ ತೆಗೆಯುತ್ತ ಸಮತೋಲವನ್ನು ಕಾಯುತ್ತಾರೆ; ಅದಕ್ಕೆ ಬೇಕಾಗುವ ವಿದ್ಯುತ್ಪ್ರವಾಹವೇ ಅಳತೆ. ಇದನ್ನು ಟರ್ಬೈನಿನ ಮುಂಚೆ ಕೂರಿಸಿದರೆ ಅಲ್ಲಿನ ಒತ್ತಡದಿಂದ ಅಳತೆ ತಪ್ಪುವುದು, ಶಾಖದಿಂದ ಆಯುಸ್ಸು ಕುಗ್ಗುವುದು. ಟರ್ಬೈನನ್ನು ದಾಟಿದ ಮೇಲಿನ ಕೊಳವೆಯೇ ಇದರ ಸ್ಥಾನ.

ಹೊರಬೀಳುವ ಅನಿಲದ ಉಷ್ಣತೆಯನ್ನು ಅಳೆಯುವ ಥರ್ಮೋಕಪಲ್‌ಗೆ ಟರ್ಬೈನಿನ ಮುಂಚೆಯೇ ಸ್ಥಾನ. ಕ್ರೋಮೆಲ್ ಮತ್ತು ಅಲ್ಯುಮೆಲ್ ಎಂಬ ಎರಡು ಲೋಹದ ತಂತಿಗಳ ಕೂಡುತುದಿ ಕಾದರೆ ಡಿಗ್ರಿಗೆ ಸುಮಾರು ೪೧ ಮೈಕ್ರೋವೋಲ್ಟಿನಂತೆ ವಿದ್ಯುತ್ತು ಹುಟ್ಟುತ್ತದೆ. ದಪ್ಪ ಕವಚದೊಳಗಿನ ತುದಿ ಬಹುಕಾಲ ಬಾಳುತ್ತದೆ, ಆದರೆ ತಡವಾಗಿ ಎಚ್ಚರಿಸುತ್ತದೆ. ಟರ್ಬೈನನ್ನು ಕಾಪಾಡಲು ಇದು ಒಳ್ಳೆಯ ಸಾಧನವೇ ಸರಿ. ಆದರೆ ಇದರ ಮಾತನ್ನೇ ನೆಚ್ಚಿ ಕಿಡಿಯನ್ನು ಹೊಂದಿಸುವುದು ಅಪಾಯಕರ. ಕಿಡಿಯನ್ನು ಮುಂಚಿತಗೊಳಿಸಿದಷ್ಟೂ ಅನಿಲವು ಸಿಲಿಂಡರಿನಲ್ಲೇ ಹೆಚ್ಚು ಕೆಲಸ ಮಾಡಿ ತಂಪಾಗಿ ಹೊರಬರುತ್ತದೆ. ಒಳಗೆ ನಾಕಿಂಗ್ ಸಮೀಪಿಸುತ್ತಿರುವಾಗಲೇ ಮುಳ್ಳು ಇಳಿಯುತ್ತಿರುತ್ತದೆ!

ನಾಕಿಂಗನ್ನು ನೇರವಾಗಿ ಕೇಳುವುದೇ ಮೇಲು. ಅನಿಲದಲ್ಲಿ ಶಬ್ದದ ವೇಗ ಮತ್ತು ಸಿಲಿಂಡರಿನ ವ್ಯಾಸಗಳಿಂದ ಅದರ ಸ್ವರವನ್ನು ಲೆಕ್ಕಹಾಕಬಹುದು. ೮೬ ಮಿಲಿಮೀಟರ್ ವ್ಯಾಸಕ್ಕೆ ಅದು ಸೆಕೆಂಡಿಗೆ ಸುಮಾರು ೬,೫೦೦ ಕಂಪನಗಳು. ಯಂತ್ರದ ಮೈಗೆ ಬಿಗಿದ ಪೀಜೋ ಹರಳಿನ ಸಂವೇದಕವು ಈ ಸ್ವರವನ್ನು ಹಿಡಿಯುತ್ತದೆ. ಸ್ವೀಡನ್ನಿನ ಸಾಬ್ ಸಂಸ್ಥೆಯು ೧೯೮೦ರ ದಶಕದ ಆರಂಭದಲ್ಲಿ ಇಂಥ ಸಂವೇದಕದ ಸೂಚನೆಯಂತೆ ಟರ್ಬೊ ಒತ್ತಡ ತಾನಾಗಿ ಇಳಿಯುವ ವ್ಯವಸ್ಥೆಯನ್ನು ಕಾರುಗಳಲ್ಲಿ ತಂದಿತು. ಅನುಭವಿಗಳು ಇಂದಿಗೂ ಇದರ ಸಂಕೇತವನ್ನು ಕಿವಿಗೆ ತೊಡುವ ಸಾಧನದಿಂದ ಆಲಿಸುವುದುಂಟು. ಕವಾಟಗಳ ಗಡಗಡ ಶಬ್ದದ ನಡುವೆ ನಾಕಿಂಗಿನ ಸದ್ದನ್ನು ಗುರುತಿಸಲು ಅಭ್ಯಾಸ ಬೇಕು.

ಎಣ್ಣೆಯ ಒತ್ತಡ, ಒಳಬರುವ ಗಾಳಿಯ ಉಷ್ಣತೆ ಇವೂ ಬೇಕಾದವೇ. ಅವುಗಳ ಬೆಲೆಯೂ ಹೆಚ್ಚಲ್ಲ.

ಆದರೆ ಮುಳ್ಳನ್ನು ನೋಡುತ್ತ ಕಾರು ಓಡಿಸುವುದು ಎಂದಿಗೂ ಸಲ್ಲದು. ಅಲ್ಲದೆ ನಾಲ್ಕು ಸಿಲಿಂಡರುಗಳ ಯಂತ್ರವು ನಿಮಿಷಕ್ಕೆ ೬,೦೦೦ ಸುತ್ತು ಸುತ್ತುವಾಗ ಸೆಕೆಂಡಿಗೆ ೨೦೦ ಸಲ ಮಿಶ್ರಣ ಉರಿಯುತ್ತದೆ. ಸೆಕೆಂಡಿಗೆ ಐದು ಸಲ ಅಳೆಯುವ ಉಪಕರಣವು ಎರಡು ಅಳತೆಗಳ ನಡುವೆ ನಲವತ್ತು ದಹನಗಳನ್ನು ಕಾಣದೆ ಬಿಡುತ್ತದೆ. ಆದುದರಿಂದ ಎಲ್ಲ ಸಂವೇದಕಗಳನ್ನೂ ಒಂದೇ ಗಡಿಯಾರದಡಿ ವೇಗವಾಗಿ ದಾಖಲಿಸುವ ಯಂತ್ರವು ಅಂದದ ಮುಳ್ಳುಗಳಿಗಿಂತ ಉಪಯುಕ್ತ. ಕಾರನ್ನು ಡೈನಮೊಮೀಟರಿನ ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿ, ನಿಲ್ಲಿಸಿದ ಬಳಿಕ ದಾಖಲೆಯನ್ನು ಸಾವಕಾಶವಾಗಿ ಓದಬೇಕು. ಒಂದೆಡೆ ನಾಕಿಂಗಿನ ಗೆರೆ ಮೇಲೆದ್ದಿದ್ದರೆ, ಅದರ ಆಸುಪಾಸಿನಲ್ಲಿ ಮಿಶ್ರಣ ತೆಳುವಾಗಿತ್ತೆ, ಗಾಳಿ ಕಾದಿತ್ತೆ, ಒತ್ತಡ ಮಿತಿಮೀರಿತ್ತೆ ಎಂದು ಹುಡುಕಬೇಕು. ಅನಿಲವು ಸಂವೇದಕವನ್ನು ಮುಟ್ಟಲು ತುಸು ಹೊತ್ತು ಹಿಡಿಯುವುದರಿಂದ ಮಿಶ್ರಣದ ಗೆರೆಯು ಕೊಂಚ ಹಿಂದುಳಿದಿರುತ್ತದೆ. ಈ ಮೂರೂ ಸರಿಯಿದ್ದರೆ ಕಿಡಿಯನ್ನು ಒಂದೆರಡು ಡಿಗ್ರಿ ತಡಮಾಡಿ, ಯಂತ್ರವನ್ನು ಆರಲು ಬಿಟ್ಟು, ಮತ್ತೆ ಓಡಿಸಿ ನೋಡಬೇಕು.