ಡೇ ಕೇರ್ ಮಕ್ಕಳ ಊಟದ ಹಣಕ್ಕೆ ತೆರಿಗೆ ಇಲ್ಲವೇ?

ಅಮೆರಿಕದಲ್ಲಿ ಅನುಮತಿ ಪಡೆದು ಮನೆಯಲ್ಲೇ ಡೇ ಕೇರ್ ನಡೆಸುವವರು, ಮಕ್ಕಳಿಗೆ ಕೊಟ್ಟ ಊಟ-ತಿಂಡಿಗೆ ಕೃಷಿ ಇಲಾಖೆಯ ಯೋಜನೆಯಡಿ ಹಣ ಪಡೆಯಬಹುದು. ‘ಸರ್ಕಾರ ಕೊಟ್ಟ ಹಣ, ತೆರಿಗೆ ಇಲ್ಲ’ ಎನ್ನುವುದು ಅರ್ಧ ಸತ್ಯ.

ಲೆಕ್ಕ ಹೀಗೆ: ವರ್ಷಕ್ಕೆ 5,000 ಡಾಲರ್ ಬಂದು, ಆ ಮಕ್ಕಳ ಊಟಕ್ಕೆ 4,500 ಖರ್ಚಾದರೆ ಮಿಕ್ಕ 500 ಡಾಲರ್ ನಿಮ್ಮ ಆದಾಯ. 6,000 ಖರ್ಚಾದರೆ ಹೆಚ್ಚುವರಿ 1,000 ಮಾತ್ರ ವೆಚ್ಚ. ಬಂದ ಹಣ ತೋರಿಸದೆ ಪೂರ್ತಿ 6,000 ವೆಚ್ಚ ಬರೆದರೆ ತಪ್ಪು.

ದಿನಸಿ ರಸೀದಿ ಇಟ್ಟಿಲ್ಲವೇ? ತೆರಿಗೆ ಇಲಾಖೆಯ ನಿಗದಿತ ದರ ಬಳಸಬಹುದು. ಆದರೆ ಮಗುವಿನ ಹೆಸರು, ಬಂದ ದಿನ, ಇದ್ದ ಸಮಯ, ಯಾವ ಊಟ ಎಷ್ಟು ಸಲ ಕೊಟ್ಟಿರಿ ಎಂಬುದನ್ನು ಬರೆದಿಡಲೇಬೇಕು.

ಹಲವರು ಬಿಡುವುದು ಇದನ್ನೇ: ಯೋಜನೆ ಒಂದು ಮಗುವಿಗೆ ದಿನಕ್ಕೆ ಹೆಚ್ಚೆಂದರೆ ಮೂರು ಸಲದ ಊಟ-ಸ್ನ್ಯಾಕ್ಸ್‌ಗೆ ಹಣ ಕೊಡುತ್ತದೆ. ನಿಗದಿತ ದರದಲ್ಲಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟದ ಜೊತೆ ಮೂರು ಸ್ನ್ಯಾಕ್ಸ್‌ವರೆಗೆ ಲೆಕ್ಕ ಹಿಡಿಯಬಹುದು. ಹಾಗಾಗಿ ಹಣ ಸಿಗದ ನಾಲ್ಕನೇ ತಿಂಡಿಯನ್ನೂ ಅಂದೇ ಬರೆದಿಡಿ. ಸ್ವಂತ ಮಕ್ಕಳ ಊಟ ಮಾತ್ರ ಇದರಲ್ಲಿ ಸೇರಿಸಬೇಡಿ.

ಅಲ್ಲಿ ಡೇ ಕೇರ್ ನಡೆಸುವ ನಿಮ್ಮವರಿದ್ದರೆ ಅವರಿಗೆ ಇದನ್ನು ಕಳಿಸಿ.